ತಲೆಯೆತ್ತುವ ಹುಳ

ನಲವತ್ತೆಂಟು ಹಾಳೆ, ಎಲ್ಲದರಲ್ಲೂ ಒಂದೇ ರೇಷ್ಮೆಹುಳ. ಮಗಳು ಶ್ಯಾಮಲ ತಿದ್ದಿ ತಿದ್ದಿ ಕಡೆಗೊಂದನ್ನು ಸರಿಯಾಗಿ ಬರೆದಿದ್ದಾಳೆ ಎಂದೇ ಮುನಿಗಂಗಮ್ಮ ತಿಳಿದಳು. ಚೆನ್ನಾಗಿದ್ದ ಒಂದನ್ನು ಜೋಪಾನವಾಗಿ ಎತ್ತಿಟ್ಟು, ಉಳಿದ ನಲವತ್ತೇಳನ್ನು ಹುಳದ ತಟ್ಟೆಗಳಿಗೆ ಹಾಸಿಬಿಟ್ಟಳು. ಅಂದು ತಟ್ಟೆಗಳ ಹಾಸು ಬದಲಿಸುವ ದಿನ. ಶಿಡ್ಲಘಟ್ಟದ ಸುತ್ತಮುತ್ತ ಅಂಥ ದಿನ ಯಾರ ಮನೆಯಲ್ಲೂ ದಪ್ಪ ಕಾಗದ ಸುಮ್ಮನೆ ಬಿದ್ದಿರುವುದಿಲ್ಲ.

ಶ್ಯಾಮಲ ಎಸ್ಸೆಸ್ಸೆಲ್ಸಿ ಮುಗಿಸಿದ್ದಳು. ಅಪ್ಪ ಆವಲಪ್ಪನಿಗೆ ಅವಳು ಟೀಚರ್ ಟ್ರೈನಿಂಗ್ ಮಾಡಬೇಕೆಂಬ ಆಸೆ. ಅವಳಿಗೋ, ಟೂರಿಂಗ್ ಟಾಕೀಸಿನಲ್ಲಿ ಸಿನಿಮಾಕ್ಕೆ ಮೊದಲು ತೋರಿಸಿದ ಮಲೇರಿಯಾ ಚಿತ್ರದಲ್ಲಿ ಕೈಯಲ್ಲಿ ಬರೆದ ಸೊಳ್ಳೆ ಹಾರಿದ್ದನ್ನು ಕಂಡಂದಿನಿಂದ ಅದನ್ನೇ ಕಲಿಯುವ ಹುಚ್ಚು. ಸೊಳ್ಳೆ ಹಾರಿಸೋಕೆ ಕಾಲೇಜು ಯಾಕೆ, ನಮ್ಮನೇಲಿ ತಾವೇ ಹಾರ್ತವಲ್ಲ ಎಂದು ಆವಲಪ್ಪ ನಗುತ್ತಿದ್ದ. ಬೆಂಗಳೂರಿನ ಚಿತ್ರಶಾಲೆಯವರು ಸೀಟು ಕೊಡುವ ಮುಂಚೆ ನೋಡಬೇಕೆಂದು ಮಾರನೆಯ ದಿನವೇ ಚಿತ್ರಗಳ ಕಟ್ಟು ತರಲು ಹೇಳಿದ್ದರು.

ಶ್ಯಾಮಲ ಬಂದು ತಟ್ಟೆ ನೋಡಿದಳು. ಹೊಸಿಲ ಮೇಲೆ ಕೂತಳು.

"ಒಂದರ ಹಾಗೆ ಒಂದಿಲ್ಲಮ್ಮ. ಜೋಡಿಸಿ ಹಿಡಿದು ಸರಸರ ತಿರುವಿದ್ರೆ ಹುಳ ತಲೆ ಎತ್ತಿ ಸೊಪ್ಪು ತಿನ್ನತ್ತೆ. ನಿಂಗೂ ಗೊತ್ತಾಗಲಿಲ್ವಾ?"

ಮುನಿಗಂಗಮ್ಮನಿಗೆ ನಾಚಿಕೆಯಾಯಿತು. ಸಾವಿರ ಹುಳದಲ್ಲಿ ಹಸಿದದ್ದು ಯಾವುದೆಂದು ದೂರದಿಂದಲೇ ಹೇಳುವವಳು ಕಾಗದದ ಹುಳವನ್ನು ಕಣ್ಣಿಟ್ಟು ನೋಡಿರಲಿಲ್ಲ. ಸೊಪ್ಪಿನ ಸಮೇತ ಹುಳಗಳನ್ನು ಬೇರೆ ತಟ್ಟೆಗೆ ಎತ್ತಿ ಹಾಕಿ, ಹಾಳೆಗಳ ಹಿಕ್ಕೆ ಕೊಡವಿದಳು. ಅಲ್ಲಲ್ಲಿ ಹಸಿರು ಕಲೆ ಬಿದ್ದಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ, ಯಾವ ಹಾಳೆಗೂ ನಂಬರಿರಲಿಲ್ಲ. ಜೋಡಿಸಲು ಹೋದ ಶ್ಯಾಮಲ ಮೂರು ಸಲ ತಪ್ಪಿದಳು.

ಮುನಿಗಂಗಮ್ಮ ಎಲ್ಲವನ್ನೂ ನೆಲದ ಮೇಲೆ ಹರಡಿ, ತಟ್ಟೆ ನೋಡುವ ಹಾಗೆ ನೋಡಿದಳು. ಇದು ಇನ್ನೂ ಮಲಗಿದೆ, ಇದರ ಕತ್ತು ಈಗ ತಾನೇ ಅಲುಗಿದೆ. ಒಂದೊಂದಾಗಿ ಜೋಡಿಸುತ್ತ ಬಂದವಳು ನಡುವೆ ನಿಂತಳು.

"ಇಲ್ಲೊಂದು ಬಿಟ್ಟಿದ್ದೀಯ ಕಣೇ. ತಲೆ ಎತ್ತೋಕೆ ಮುಂಚೆ ಹುಳ ಹಿಂಗಾಲು ಬಿಗಿ ಮಾಡ್ಕೊಳ್ಳತ್ತೆ."

ಶ್ಯಾಮಲ ತುಟಿ ಕಚ್ಚಿಕೊಂಡು ನಲವತ್ತೊಂಬತ್ತನೆಯದನ್ನು ಬರೆದಳು.

ಸೊಪ್ಪಿನ ಹೊರೆ ಹೊತ್ತು ಬಂದ ಆವಲಪ್ಪ, ಏನಿದು ಗಲಾಟೆ ಎಂದ. ಹೊರೆ ಇಳಿಸಿದವನ ಕೈಗೆ ಹೆಂಡತಿ ಕಟ್ಟು ಕೊಟ್ಟಳು. ಅವನು ಹೆಬ್ಬೆರಳಿನಿಂದ ತಿರುವಿದ. ಹುಳ ಕಾಲು ಬಿಗಿದು, ತಲೆ ಎತ್ತಿ, ಎಲೆಯ ಅಂಚಿಗೆ ಬಾಯಿ ಹಾಕಿತು. ಮತ್ತೆ ತಿರುವಿದ. ಎಂಟನೆಯ ಸಲಕ್ಕೆ, ಇದಕ್ಕೆ ಸೊಪ್ಪು ಸಾಲದು ಎಂದ. ಆಮೇಲೆ ನಾಳೆ ಇದನ್ನು ಯಾರು ತಿರುವುವುದೆಂದು ವಿಚಾರಿಸಿದ. ಅಲ್ಲಿನ ಮೇಷ್ಟ್ರುಗಳೇ ಎಂದಳು ಶ್ಯಾಮಲ.

"ಅವ್ರು ಹುಳ ಕಂಡಿದ್ದಾರಾ? ಬಿರಬಿರ ಬಿಟ್ರೆ ಬೆದರಿದ ಹಂಗೆ ಕಾಣ್ತದೆ. ನಾನೇ ಬರ್ತೀನಿ ನಡಿಯಮ್ಮ."

ಬೆಳಿಗ್ಗೆ ಬಸ್ಸು ಹೊರಡುವಾಗ ಕೆಳಗೆ ನಿಂತ ಮುನಿಗಂಗಮ್ಮನಿಗೆ ಕಿಟಕಿಯಲ್ಲಿ ಗಂಡನ ಮುಖ ಕಾಣಲಿಲ್ಲ. ಕಟ್ಟು ತಿರುವುತ್ತಿದ್ದ ಅವನ ಹೆಬ್ಬೆರಳಿನ ಮೇಲೆ ಕಂಡಕ್ಟರೂ ಸೇರಿ ನಾಲ್ಕು ತಲೆ ಬಗ್ಗಿದ್ದವು.