ಕುಡುಗೋಲು ಸೋಕದ ಕುಂಬಳಬಳ್ಳಿ

ದೇವಲಾಪುರದ ಮಂಗಳಮ್ಮನ ಹಿತ್ತಲಲ್ಲಿ ಕುಂಬಳಬಳ್ಳಿ ಹಬ್ಬಿದ್ದ ಚಂದ ನೋಡಿ ಊರವರೆಲ್ಲ ಖುಷಿಪಟ್ಟರೆ ಅವಳಿಗೆ ಮಾತ್ರ ಮೈಯುರಿಯುತ್ತಿತ್ತು. ಬೇಲಿ ಹತ್ತಿ, ಬಚ್ಚಲ ಗೋಡೆ ಹತ್ತಿ, ಕೊಟ್ಟಿಗೆಯ ಹೆಂಚಿನ ಮೇಲೆ ಕಾಲು ಚಾಚಿ ಮಲಗಿತ್ತು ಅದು. ಗೇಣಿಗೊಂದು ಕವಲು, ಕವಲಿಗೊಂದು ಮಿಡಿ. ಹೀಗೇ ಬಿಟ್ಟರೆ ಎಲ್ಲವೂ ತೆಂಗಿನಕಾಯಿ ಗಾತ್ರಕ್ಕೆ ನಿಂತುಹೋಗುತ್ತವೆ. ಅವಳಿಗೆ ಬೇಕಾಗಿದ್ದುದು ಒಂದೇ ಕಾಯಿ, ಇಬ್ಬರು ಸೇರಿ ಎತ್ತಬೇಕಾದಂಥದ್ದು.

ಇದಕ್ಕೆಲ್ಲ ಕಾರಣ ತಮ್ಮ ಚಿಕ್ಕಸ್ವಾಮಿ. ಹೋದ ವರ್ಷ ನಾಗಮಂಗಲದ ತರಕಾರಿ ಪ್ರದರ್ಶನದಲ್ಲಿ ಅವನ ಕುಂಬಳಕಾಯಿಗೆ ಹಿತ್ತಾಳೆ ಬಿಂದಿಗೆ ಬಹುಮಾನ ಬಂದಿತ್ತು. ಅಂದಿನಿಂದ ಅಕ್ಕನ ಮನೆಗೆ ಬಂದಾಗಲೆಲ್ಲ, "ಯಾಕೋ ನಿನ್ ಮಡಕೆ ನೀರು ಒಂಥರಾ ವಾಸ್ನೆ ಕಣಕ್ಕ" ಎನ್ನುತ್ತಿದ್ದ. ಈ ವರ್ಷದ ಬಿಂದಿಗೆ ತನಗೇ ಬರಬೇಕು, ಅದರಲ್ಲೇ ಅವನಿಗೆ ನೀರು ಬಗ್ಗಿಸಬೇಕು ಎಂದು ಮಂಗಳಮ್ಮ ಹಟ ತೊಟ್ಟಿದ್ದಳು.

ಗ್ರಾಮಸೇವಕರು ದಾರಿ ಹೇಳಿದ್ದರು: ನಡುಬಳ್ಳಿ ಉಳಿಸಿ, ಕವಲುಗಳನ್ನೆಲ್ಲ ಸವರಿ, ಒಂದೇ ಮಿಡಿ ಬಿಡಬೇಕು. ಕುಡುಗೋಲು ಹಿಡಿದು ಹಿತ್ತಲಿಗೆ ಇಳಿದಳೋ ಇಲ್ಲವೋ, ಅತ್ತೆ ಪುಟ್ಟತಾಯಮ್ಮ ಅಡ್ಡ ನಿಂತರು.

"ಮನೇಲಿ ಬಸ್ರಿ ಮಗಳ್ನ ಮಡಿಕ್ಕಂಡು ಕುಂಬಳಬಳ್ಳಿಗೆ ಕತ್ತಿ ಇಡ್ತೀಯೇನಮ್ಮಿ? ತಲೇಲಿ ಬುದ್ಧಿ ಗಿದ್ಧಿ ಅದಾ?"

ಬಾಣಂತನಕ್ಕೆ ಬಂದಿದ್ದ ಪ್ರೇಮಮ್ಮ ಜಗಲಿಯಲ್ಲಿ ಹುಣಿಸೆಕಾಯಿ ಚೀಪುತ್ತ ನಕ್ಕಳು.

"ನಗು, ನಗು. ನೀನೊಂದೆಲ್ಡ್ ತಿಂಗ್ಳು ತಡ್ಕಂಡು ಬಸ್ರಿ ಆಗಿದ್ರೆ ಏನ್ ಗಂಟೋಯ್ತಿತ್ತೇ?" ಎಂದು ಮಂಗಳಮ್ಮ ಮಗಳ ಮೇಲೆ ಹಾಯ್ದಳು.

ಗಂಡ ಅಂದಾನಯ್ಯನನ್ನು ಕೇಳಿದರೆ, "ಅವ್ವನ್ ಮಾತು ಅವ್ವಂದು, ನಿನ್ ಮಾತು ನಿಂದು" ಎಂದು ಟವೆಲು ಕೊಡವಿ ಹೊಲದ ಕಡೆ ನಡೆದುಬಿಟ್ಟ.

ಮಂಗಳಮ್ಮ ಅತ್ತೆಯ ಕಡೆ ತಿರುಗಿದಳು. "ಕುರಿಯೋ ಮೇಕೆಯೋ ಮೇದ್ರೆ ದೋಷ ಇಲ್ವಾ ಅತ್ಯಮ್ಮ?"

"ಮೂಗ್ ಪ್ರಾಣಿಗೆಲ್ಲೀ ದೋಷ?"

ಅಷ್ಟು ಸಾಕಾಯಿತು. ಪಕ್ಕದ ಮನೆ ಕುಳ್ಳಮ್ಮನ ಮೇಕೆಗೆ ಹಗ್ಗ ಹಾಕಿ ಎಳೆದು ತಂದಳು. ಆ ಮೇಕೆಯೋ, ಬೇಡದ ಕವಲಿನ ಮುಂದೆ ನಿಲ್ಲಿಸಿದರೆ ನಡುಬಳ್ಳಿಯ ಎಳೆಕುಡಿಗೇ ಬಾಯಿ ಹಾಕುತ್ತಿತ್ತು. "ಅದಲ್ಲ ಕಣೇ ಮುಂಡೇದೇ, ಈ ಕಡೀಕೆ!" ಎಂದು ಕಿವಿ ಹಿಡಿದು ಮೂತಿ ತಿರುಗಿಸಬೇಕು. ಮಿಡಿಗಳನ್ನಂತೂ ಅದು ಮೂಸಿಯೂ ನೋಡಲಿಲ್ಲ. ಹೆಂಚು, ಗೋಡೆಗಳ ಮೇಲಿನ ಕವಲುಗಳನ್ನು ನೆಲಕ್ಕೆ ಇಳಿಬಿಟ್ಟು, ಮೇಲಿಂದ ಮೇಲೆ ಓಡಾಡಿಸಿ, ಅದರ ಗೊರಸಿನಿಂದಲೇ ತುಳಿಸಿ ಬೀಳಿಸಬೇಕಾಯಿತು. ಬೇಲಿಯಾಚೆಯಿಂದ ಕುಳ್ಳಮ್ಮ, "ಮೇಕೆ ಕೆಲ್ಸ ಕಲ್ತದೆ, ಕೂಲಿ ಯಾವಾಗ್ ಕೊಟ್ಟೀಯೆ?" ಎಂದು ಕೂಗುತ್ತಿದ್ದಳು.

ಅಂತೂ ಒಂದೇ ಕಾಯಿ ಉಳಿಯಿತು. ದಿನದಿನಕ್ಕೂ ಊದಿ ಒರಳುಕಲ್ಲನ್ನೂ ಮೀರಿಸಿತು.

ಪ್ರದರ್ಶನದ ದಿನ ಬೆಳಿಗ್ಗೆ ಪುಟ್ಟತಾಯಮ್ಮ ಕಾಯಿಯ ಪಕ್ಕ ಮಣೆ ಹಾಕಿಕೊಂಡು ಕೂತರು. "ತೊಟ್ಟು ಕುಯ್ಯೋದೂ ಕುಯ್ಯೋದೇ. ಎರಿಗೆ ಆಗ್ಲಿ."

ಪ್ರೇಮಮ್ಮನಿಗೆ ದಿನ ತುಂಬಿತ್ತು, ನೋವಿನ ಸುಳಿವೇ ಇರಲಿಲ್ಲ. ಮೇಕೆಯನ್ನು ತಂದು ತೊಟ್ಟಿನ ಮುಂದೆ ನಿಲ್ಲಿಸಿದರೆ ಅದು ಮಂಗಳಮ್ಮನ ಸೆರಗು ಅಗಿಯತೊಡಗಿತು. ಅವಳಿಗೆ ಅಳು ಬರುವಂತಾಯಿತು.

"ಒರಗಿನೋರ್ ಯಾರಾರ ಕುಯ್ದ್ರೆ ಬೇಡ ಅನ್ನಕಿಲ್ಲ ಬುಡು" ಎಂದು ಅತ್ತೆ ಅಷ್ಟಕ್ಕೆ ಇಳಿದರು.

ಅದೇ ಹೊತ್ತಿಗೆ ಬಾಗಿಲಲ್ಲಿ ಗಾಡಿ ನಿಂತಿತು. ಚಿಕ್ಕಸ್ವಾಮಿ ತನ್ನ ಕಾಯಿ ಹೇರಿಕೊಂಡು ನಾಗಮಂಗಲಕ್ಕೆ ಹೊರಟಿದ್ದ. ಮಂಗಳಮ್ಮ ಬಿಗುಮಾನವನ್ನೆಲ್ಲ ನುಂಗಿಕೊಂಡು, "ಲೋ, ಇದೊಂದ್ ತೊಟ್ಟು ಕುಯ್ದ್ಕೊಡ್ಲಾ" ಎಂದಳು.

ಅವನು ಅಕ್ಕನ ಕಾಯಿ ನೋಡಿದ. ಗಾಡಿಯಲ್ಲಿದ್ದ ತನ್ನ ಕಾಯಿ ನೋಡಿದ. ಅದು ಇದರ ಅರ್ಧವೂ ಇರಲಿಲ್ಲ.

"ನಾನು ಉಡ್ಗೀಗೆ ಸೋದರಮಾವ ಕಣಕ್ಕ. ಒರಗಿನೋನು ಎಂಗಾಯ್ತೀನಿ? ನಾಳೆ ಕೂಸಿಗೆ ಏನಾರ ಆದ್ರೆ?"

"ಸೋದರಮಾವ್ನಂತೆ! ಅವ್ಳ ಮದ್ವೇಲಿ ಪಂಕ್ತಿಗ್ ಕೂರುವಾಗ ಮಾತ್ರ ಸೋದರಮಾವ ಆಗಿದ್ದೆ ಕಣ್ಲಾ ನೀನು!"

"ಬೈದ್ರೆ ಬೈಯಿ. ಶಾಸ್ತ್ರ ಮೀರಕ್ಕಾದದಾ?"

ಜಗಲಿಯಿಂದ ಪ್ರೇಮಮ್ಮ ಸೊಂಟಕ್ಕೆ ಕೈಕೊಟ್ಟು ಎದ್ದು ಬಂದಳು. ತಾಯಿಯ ಕೈಯಲ್ಲಿದ್ದ ಕುಡುಗೋಲು ಕಿತ್ತುಕೊಂಡಳು.

"ಒಟ್ಟೆ ನಂದು, ಕೂಸು ನಂದು. ಬಂದಾಗ್ಲಿಂದ ಇದೇ ಬಳ್ಳಿ ಪಂಚಾಯ್ತಿ. ಇದ್ನ ಕೇಳಿ ಕೇಳಿ ಒಳಗಿರೋದಕ್ಕೂ ಈಚೆ ಬರಕ್ ಬ್ಯಾಸರ ಆಗದೆ!"

ಕಷ್ಟಪಟ್ಟು ಕುಕ್ಕರಗಾಲಲ್ಲಿ ಕೂತು ತೊಟ್ಟನ್ನು ಕರಕರನೆ ಕೊಯ್ದು, ಬೆವರೊರೆಸಿಕೊಂಡಳು.

ಪುಟ್ಟತಾಯಮ್ಮ ಮೊಮ್ಮಗಳ ಮುಖ ನೋಡಿದರು, ಹೊಟ್ಟೆ ನೋಡಿದರು. ಎಲ್ಲ ನೆಟ್ಟಗಿತ್ತು. ಮಣೆ ಎತ್ತಿಕೊಂಡು ಎದ್ದು ಚಿಕ್ಕಸ್ವಾಮಿಯ ಕಡೆ ತಿರುಗಿದರು.

"ಇನ್ನೇನ್ ಮಕ ನೋಡ್ತೀಯಪ್ಪ ಸೋದರಮಾವ? ಒಂದ್ ಕಡೆ ಇಡ್ಕಂಡು ಗಾಡಿಗಾಕು. ನಿಂದ್ನ ವಸಿ ಮೂಲೆಗೆ ಸರ್ಸು, ಜಾಗ ಸಾಲಕಿಲ್ಲ."