ನೆಲವೇ ಡೊಂಕಾಗಿದ್ದ ಆಟ

ಮಗ ಚುರುಕಾದ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ತಂದಿಟ್ಟ ಮೇಲೆ ಅಮ್ಮ, ಚೆಂಡಿನಿಂದ ಇಟ್ಟಿಗೆ ಒಡೆಯುವ ತನ್ನ ಹಳೇ ಆಟದಲ್ಲಿ ಬರೀ ಸೋಲುತ್ತಿದ್ದಳು. ಕೀ ಒತ್ತುವಷ್ಟರಲ್ಲಿ ಚೆಂಡು ಮಾಯ!

"ಈ ಡಬ್ಬಾನೇ ಸರಿಯಿಲ್ಲ ಕಣೋ."

"ಕುಣಿಲಾರದವಳು ನೆಲ ಡೊಂಕು ಅಂದಳಂತೆ. ವಯಸ್ಸಾಯ್ತಮ್ಮ," ಎಂದು ಮಗ ನಕ್ಕ. ಅಮ್ಮನಿಗೆ ಮೈಯೆಲ್ಲ ಉರಿದುಹೋಯಿತು.

ಸೊಸೆ ಬಂದು ನೋಡಿದಳು. "ನೆಲಾನೇ ಡೊಂಕು ಅತ್ತೆ. ಕಂಪ್ಯೂಟರಿನ ಪ್ರೊಸೆಸರ್ ಎಷ್ಟು ವೇಗವಾಗಿ ಓಡುತ್ತೋ, ಈ ಹಳೇ ಆಟವೂ ಅಷ್ಟೇ ವೇಗವಾಗಿ ಓಡುತ್ತೆ." ವೇಗ ತಗ್ಗಿಸುವ ಪುಟ್ಟ ಸಾಫ್ಟ್‌ವೇರ್ ಹಾಕಿ, ಆ ಹುಚ್ಚು ಕುದುರೆಗೆ ಲಗಾಮು ಬಿಗಿದಳು. ಚೆಂಡು ಹದಕ್ಕೆ ಬಂತು. ಅಮ್ಮ ಗೋಡೆಗೆ ಗೋಡೆಯನ್ನೇ ಪುಡಿಗಟ್ಟಿದಳು.

ಮಗನೂ ಜಂಬದಿಂದ ಆಡಲು ಕೂತ. ಮೊದಲ ಚೆಂಡೇ ಕೈತಪ್ಪಿತು.

ಅಮ್ಮ ಸೊಸೆಯತ್ತ ತಿರುಗಿದಳು. "ಇನ್ನೂ ಸ್ವಲ್ಪ ನಿಧಾನ ಮಾಡಮ್ಮ. ಪಾಪ, ಅವನಿಗೂ ವಯಸ್ಸಾಯ್ತು."