ಲಿಫ್ಟಿನಿಂದ ಬಿದ್ದ ಫೋನು

ಶುಕ್ರವಾರ ಎರಡು ಗಂಟೆಯೊಳಗೆ ಫೋನ್ ಮಾಡುತ್ತೇವೆ ಅಂದಿದ್ದರು ಇಂಟರ್‌ವ್ಯೂ ಮಾಡಿದ ಕಂಪನಿಯವರು. ಅವಿನಾಶನಿಗೆ ಬೆಳಗಿನ ಐದಕ್ಕೇ ಎಚ್ಚರವಾಗಿತ್ತು.

ಸ್ಟಾಕ್‌ಹೋಮಿನ ಪಕ್ಕದ ಸೊಲ್ಲೆಂಟುನಾದಿಂದ ಸೇಲೆನ್ನಿನ ಸ್ಕೀ ಬೆಟ್ಟಕ್ಕೆ ಬಂದು ಐದು ದಿನ. ಮಗಳು ಚಾರ್ವಿಯ ರಜೆಗೆಂದು ಹೆಂಡತಿ ಪಾವನಾ ಅಕ್ಟೋಬರಿನಲ್ಲೇ ಮನೆ ಬುಕ್ ಮಾಡಿದ್ದಳು. ಡಿಸೆಂಬರಿನಲ್ಲಿ ಅವಿನಾಶನ ಕೆಲಸ ಹೋಯಿತು. ವರ್ಕ್ ಪರ್ಮಿಟ್ಟಿನವರಿಗೆ ಹೊಸ ಕೆಲಸ ಹುಡುಕಲು, ಇಲ್ಲವೇ ದೇಶ ಬಿಡಲು, ಮೂರು ತಿಂಗಳ ಗಡುವು. ಅದರಲ್ಲಿ ಇನ್ನು ಉಳಿದದ್ದು ಹನ್ನೊಂದು ದಿನ. ಪಾವನಾ ಮನೆಗೆ ಹತ್ತಿರದ ಸೋಲ್ನಾದ ಆಫೀಸಿನಲ್ಲಿ ದುಡಿಯುತ್ತಿದ್ದರೂ ಅವಳ ಪರ್ಮಿಟ್ಟೂ ಮಗಳದೂ ಅವನ ಪರ್ಮಿಟ್ಟಿಗೇ ಅಂಟಿಕೊಂಡಿದ್ದವು.

ರಾತ್ರಿಯಿಡೀ ಹಿಮ ಸುರಿದು ಬೆಟ್ಟ ಬೆಳ್ಳಗೆ ಉಬ್ಬಿಕೊಂಡಿತ್ತು. ಜನ ಜಾತ್ರೆಗೆ ಬಂದವರ ಹಾಗೆ ಲಿಫ್ಟಿಗೆ ನುಗ್ಗುತ್ತಿದ್ದರು. ಚಾರ್ವಿಯನ್ನು ಸ್ಕೀ ಶಾಲೆಗೆ ಬಿಟ್ಟು ಇಬ್ಬರೂ ತಂತಿಗೆ ನೇತಾಡುತ್ತಾ ಬೆಟ್ಟವೇರುವ ಕುರ್ಚಿ ಲಿಫ್ಟ್ ಹತ್ತಿದರು. ಅವಿನಾಶ ಹಲ್ಲಲ್ಲಿ ಗ್ಲೌಸ್ ಕಚ್ಚಿ ಎಳೆದು ಫೋನ್ ತೆಗೆದ. ಒಂದೂ ಕಾಲು.

"ಈಗ ತಾನೇ ನೋಡಿದ್ಯಲ್ಲೋ ಅವಿ," ಅಂದಳು ಪಾವನಾ. "ಒಳಗಿಡು. ರಿಂಗ್ ಆದ್ರೆ ಕೇಳ್ಸಲ್ವಾ?"

"ಸಿಗ್ನಲ್ ಇದ್ಯಾ ನೋಡ್ತಿದೀನಿ ಅಷ್ಟೇ."

ಅಷ್ಟರಲ್ಲಿ ಕುರ್ಚಿ ಕಂಬದ ಗಾಲಿಗಳ ಮೇಲೆ ದಡಬಡ ಅಂತ ಅಲುಗಿತು. ಚಳಿಗೆ ಮರಗಟ್ಟಿದ ಬೆರಳುಗಳಿಂದ ಫೋನ್ ಜಾರಿತು. ಸದ್ದೇ ಇಲ್ಲದೆ ಕೆಳಗಿನ ಹಿಮದೊಳಗೆ ಇಳಿದು ಒಂದು ಸಣ್ಣ ತೂತು ಬಿಟ್ಟು ಹೋಯಿತು.

"ನಿಲ್ಸಿ! ನಿಲ್ಸಿ!" ಅವನು ಕನ್ನಡದಲ್ಲೇ ಕೂಗಿದ. ಲಿಫ್ಟ್ ನಿಲ್ಲಲಿಲ್ಲ.

"ಒಂಬತ್ತನೇ ಕಂಬ," ಪಾವನಾ ತಿರುಗಿ ನೋಡಿ ಹೇಳಿದಳು. "ಪಕ್ಕದಲ್ಲಿ ಒಂದು ಕುಳ್ಳ ಮರ ಇದೆ. ಸಿಗತ್ತೆ, ಸುಮ್ನಿರು."

ಮೇಲಿನಿಂದ ಅಲ್ಲಿಗಿಳಿಯಲು ಇಪ್ಪತ್ತು ನಿಮಿಷ ಹಿಡಿಯಿತು. ಅವಿನಾಶನಿಗೆ ಬರುತ್ತಿದ್ದುದು ಸ್ಕೀಗಳ ಮುಂದಿನ ತುದಿ ಒಂದಾಗಿಸಿ ಬ್ರೇಕ್ ಹಾಕುವುದೊಂದೇ. ನಾಲ್ಕು ಸಲ ಬಿದ್ದ. ಕೊನೆಗೆ ಸ್ಕೀ ಕಳಚಿ ಹೆಗಲಿಗೇರಿಸಿ, ತೊಡೆಮಟ್ಟದ ಹಿಮದಲ್ಲಿ ನುಗ್ಗಿದ. ಅಷ್ಟರಲ್ಲಿ ಮತ್ತೆ ಹಿಮ ಉದುರಿ ತೂತು ಮುಚ್ಚಿಹೋಗಿತ್ತು. ಕುಳ್ಳ ಮರಗಳು ಒಂದಲ್ಲ, ಐದಾರಿದ್ದವು.

ಪಾವನಾ ತನ್ನ ಫೋನಿನಿಂದ ಕರೆ ಮಾಡಿದಳು. ಲಿಫ್ಟಿನ ಗೊರಗೊರದಲ್ಲಿ ಏನೂ ಕೇಳಲಿಲ್ಲ. ಅವಿನಾಶ ನಾಯಿಯ ಹಾಗೆ ಎರಡೂ ಕೈಯಲ್ಲಿ ಬಗೆದ, ಇಲ್ಲಿಷ್ಟು, ಅಲ್ಲಿಷ್ಟು. ಮೇಲೆ ಹೋಗುತ್ತಿದ್ದ ಅಜ್ಜಿಯೊಬ್ಬಳು ಬಗ್ಗಿ ನೋಡಿ, ಏನು ಕಳೆಯಿತು ಅಂತ ಸ್ವೀಡಿಷ್‌ನಲ್ಲಿ ಕೇಳಿದಳು. ಪಾವನಾ ಕೂಗಿ ಹೇಳಿದಳು. "ಸಿಗಲಿ!" ಅನ್ನುತ್ತಾ ಅಜ್ಜಿ ತೇಲಿಹೋದಳು.

ಎರಡಕ್ಕೆ ಎಂಟು ನಿಮಿಷ. ಪಾವನಾ ಮತ್ತೆ ನಂಬರ್ ಒತ್ತಿ, ಕಿವಿಯಿಂದ ಫೋನ್ ತೆಗೆದಳು.

"ಅವಿ... ಬ್ಯುಸಿ ಬರ್ತಿದೆ. ಅವರೇ ಮಾಡ್ತಿರ್ಬೇಕು."

ಇಬ್ಬರೂ ಉಸಿರು ಬಿಗಿಹಿಡಿದು ನಿಂತರು. ಆಗ ಕೇಳಿತು: ಕಾಲಬುಡದಿಂದಲ್ಲ, ಇಳಿಜಾರಿನಲ್ಲಿ ಮೂರು ಮಾರು ಕೆಳಗೆ, ಹಾಸಿಗೆಯೊಳಗಿಂದ ಬಂದಂಥ ದಪ್ಪ ಸದ್ದು. ಅವಿನಾಶ ಅಲ್ಲಿಗೆ ನುಗ್ಗಿ ಬೋರಲು ಬಿದ್ದು, ಭುಜದವರೆಗೂ ತೋಳು ತೂರಿಸಿ ಫೋನ್ ಎಳೆದ. ಪರದೆ ಬೆಳಗುತ್ತಿತ್ತು. ಒದ್ದೆ ಬೆರಳಿಗೆ ಅದು ಜಪ್ಪಯ್ಯ ಅನ್ನಲಿಲ್ಲ. ಅಂಗಿಗೆ ಒರೆಸಿ ಮತ್ತೆ ಉಜ್ಜುವಷ್ಟರಲ್ಲಿ ಕರೆ ನಿಂತಿತು.

ಪಾವನಾ ಫೋನ್ ಕಸಿದುಕೊಂಡು, ತನ್ನ ಒಣ ಬೆರಳಿನಿಂದ ತಿರುಗಿ ಡಯಲ್ ಮಾಡಿ ಅವನ ಕಿವಿಗೆ ಒತ್ತಿದಳು.

ಆ ಕಡೆಯ ಹೆಂಗಸು ಮೆಲ್ಲಗೆ ಮಾತಾಡಿದಳು. ಸ್ಟಾಕ್‌ಹೋಮಿನ ಜಾಗಕ್ಕೆ ಬೇರೆಯವರನ್ನು ಆರಿಸಿದ್ದೇವೆ. ಆದರೆ ಕಾರ್ಲ್‌ಸ್ಟಾಡ್‌ನ ನಮ್ಮ ತಂಡಕ್ಕೆ ನೀವು ಬೇಕು. ಸೋಮವಾರದೊಳಗೆ ತಿಳಿಸಿ.

ಅವನು ಅದನ್ನು ಪಾವನಾಗೆ ಹೇಳಿದ. ಕಾರ್ಲ್‌ಸ್ಟಾಡ್ ಅಂದರೆ ಮನೆಯಿಂದ ರೈಲಿನಲ್ಲಿ ಮೂರು ಗಂಟೆ.

"ನನ್ನ ಕೆಲ್ಸ?"

"ಗೊತ್ತಿಲ್ಲ ಪಾವನಾ."

"ಚಾರ್ವಿ ಸ್ಕೂಲು? ಈಗ ತಾನೇ ಅವಳಿಗೆ ಫ್ರೆಂಡ್ಸ್ ಆಗಿದಾರೆ."

"ಬೇಡ ಅನ್ಲಾ?"

"ಬೇಡ ಅಂದು ಹನ್ನೊಂದು ದಿನದಲ್ಲಿ ಇನ್ನೇನು ಮಾಡ್ತೀಯ?" ಅವಳ ದನಿ ಏರಿತು. ಆಮೇಲೆ ತಾನೇ ತಣ್ಣಗಾಗಿ, ಅವನ ಕೊರಳಪಟ್ಟಿಯೊಳಗೆ ಹೊಕ್ಕ ಹಿಮವನ್ನು ಕೈಹಾಕಿ ತೆಗೆದಳು. "ಸೋಮವಾರದವರೆಗೆ ಕಾಯೋದೂ ಬೇಡ. ಈಗ್ಲೇ ಹೂಂ ಅನ್ನು. ಮಿಕ್ಕಿದ್ದು ನೋಡ್ಕೊಳ್ಳೋಣ."

ಅಲ್ಲೇ, ಹಿಮದಲ್ಲಿ ನಿಂತೇ, ಅವನು ತಿರುಗಿ ಫೋನ್ ಮಾಡಿ ಒಪ್ಪಿಕೊಂಡ.

ಗಡುವಿಗೆ ಆರು ದಿನವಿರುವಾಗ ಹೊಸ ಪರ್ಮಿಟ್ಟಿನ ಅರ್ಜಿ ಹೋಯಿತು. ಪಾವನಾ ಮತ್ತು ಚಾರ್ವಿ ಶಾಲೆ ಮುಗಿಯುವ ಜೂನ್‌ವರೆಗೆ ಸೊಲ್ಲೆಂಟುನಾದಲ್ಲೇ ಉಳಿದರು. ಅವಿನಾಶ ಪ್ರತಿ ಶುಕ್ರವಾರ ಸಂಜೆ ಕಾರ್ಲ್‌ಸ್ಟಾಡ್‌ನಿಂದ ರೈಲು ಹತ್ತಿ ಬರುತ್ತಿದ್ದ, ಮನೆ ಮುಟ್ಟುವ ಆತುರಕ್ಕೆ ಸೀಟಿನಲ್ಲಿ ಕೂರಲಾರದೆ ಅರ್ಧ ದಾರಿ ಬಾಗಿಲ ಬಳಿಯೇ ನಿಂತು.